ಹಳೆಯ ಕಟ್ಟಡಗಳ ಸುತ್ತಾಟ, ಜೊತೆಗೆ ಹೋಟೆಲ್ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಗೈಡ್ ಜೊತೆ ನಗರದ ಹಳೆಯ ಕಟ್ಟಡಗಳನ್ನು ನೋಡುವುದು, ಅದೇ ದಿನ ಒಂದು ಒಳ್ಳೆಯ ಹೋಟೆಲಿನಲ್ಲಿ ಕೂತು ಊಟ ಮಾಡುವುದು, ಎರಡಕ್ಕೂ ಒಂದೇ ಬುಕಿಂಗ್. ಇಂಥ ಕಾರ್ಯಕ್ರಮಗಳು ಈಗ ಬಹಳಷ್ಟು ನಗರಗಳಲ್ಲಿ ನಡೆಯುತ್ತವೆ. ಕೆಲವನ್ನು ಹೋಟೆಲಿನವರು ನಡೆಸುತ್ತಾರೆ, ಕೆಲವನ್ನು ಗೈಡುಗಳೇ ಕಟ್ಟುತ್ತಾರೆ, ಇನ್ನು ಕೆಲವು ಕಡೆ ಪರಂಪರೆ ಉಳಿಸುವ ಸಂಘಗಳು ಮುಂದೆ ನಿಂತು ಮಾಡುತ್ತವೆ. ಹೊರಡುವ ಮುಂಚೆ ಜನ ಕೇಳುವ ಪ್ರಶ್ನೆಗಳನ್ನೂ, ಕೇಳಬೇಕಾದರೂ ಕೇಳದೇ ಬಿಡುವ ಕೆಲವನ್ನೂ ಇಲ್ಲಿ ಒಟ್ಟಿಗೆ ಕೊಟ್ಟಿದ್ದೇನೆ.

ಎರಡನ್ನೂ ಬೇರೆ ಬೇರೆ ಮಾಡಿಕೊಂಡರೆ ಆಗದೇ? ಒಟ್ಟಿಗೆ ಮಾಡಿದರೆ ಏನು ಲಾಭ?

ಆಗುತ್ತದೆ. ಆದರೆ ನಡೆಯುವಾಗ ಪ್ರಶ್ನೆ ಕೇಳುವುದು ಕಷ್ಟ. ಗೈಡ್ ಮುಂದೆ ಹೋಗುತ್ತಿರುತ್ತಾರೆ, ರಸ್ತೆ ದಾಟಬೇಕು, ಹಿಂದಿನವರಿಗಾಗಿ ಕಾಯಬೇಕು, ಮುಂದಿನ ಕಟ್ಟಡದ ಬಾಗಿಲು ಹಾಕುವ ಹೊತ್ತಾಗಿರುತ್ತದೆ. 'ಆ ಕಂಬ ಮಾತ್ರ ಯಾಕೆ ಬೇರೆ ಬಣ್ಣದ ಕಲ್ಲಿನದು?' ಎಂಬ ಪ್ರಶ್ನೆ ಮನಸ್ಸಿಗೆ ಬರುವುದು ಕೂತು ನೀರು ಕುಡಿದ ಮೇಲೆಯೇ. ಆಗ ಎದುರಿಗೆ ಉತ್ತರ ಬಲ್ಲವರು ಇದ್ದರೆ ಆ ಕಟ್ಟಡ ನಿಮ್ಮ ನೆನಪಿನಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಪ್ರಶ್ನೆ ಅಲ್ಲಿಗೇ ಮರೆತುಹೋಗುತ್ತದೆ.

ಹಾಗಾಗಿ ಬುಕ್ ಮಾಡುವಾಗ ನಾನು ಮೊದಲು ಕೇಳಲು ಹೇಳುವ ಮಾತು ಇದೊಂದೇ: 'ಗೈಡ್ ನಮ್ಮ ಜೊತೆ ಊಟಕ್ಕೆ ಕೂರುತ್ತಾರಾ?' ಹೌದು ಎಂದರೆ ಅದು ಒಂದು ಕಾರ್ಯಕ್ರಮ. ಹೋಟೆಲಿನ ಬಾಗಿಲಲ್ಲಿ ಕೈಬೀಸಿ ಹೊರಟುಬಿಡುತ್ತಾರೆ ಎಂದರೆ ನೀವು ಕೊಳ್ಳುತ್ತಿರುವುದು ಒಂದೇ ರಸೀದಿಯಲ್ಲಿ ಬರೆದ ಎರಡು ಬೇರೆ ವಸ್ತುಗಳನ್ನು. ಅದರಲ್ಲಿ ತಪ್ಪೇನಿಲ್ಲ, ಆದರೆ ಅದಕ್ಕೆ ಹೆಚ್ಚು ಹಣ ಕೊಡುವ ಅಗತ್ಯವೂ ಇಲ್ಲ.

ಮೊದಲು ಊಟವೋ, ಸುತ್ತಾಟವೋ?

ಮೊದಲು ಸುತ್ತಾಟ. ಹೊಟ್ಟೆ ತುಂಬಿದ ಮೇಲೆ ಗಂಟೆಗೋಪುರದ ಸುರುಳಿ ಮೆಟ್ಟಿಲು ಹತ್ತಲು ಯಾರಿಗೂ ಮನಸ್ಸು ಬರುವುದಿಲ್ಲ. ಊಟದ ಜೊತೆ ಮದ್ಯ ಇದ್ದರಂತೂ ಸವೆದ ಕಲ್ಲುಮೆಟ್ಟಿಲು ಅಪಾಯವೇ. ಇನ್ನೊಂದು ಕಾರಣ ಸಮಯದ್ದು. ಸುತ್ತಾಟ ಕಾಲು ಗಂಟೆ ತಡವಾದರೆ ಹೋಟೆಲಿನವರು ಮೇಜು ಹಿಡಿದಿಟ್ಟಿರುತ್ತಾರೆ. ಊಟ ತಡವಾದರೆ ಕಟ್ಟಡದ ಕಾವಲುಗಾರ ನಿಮಗಾಗಿ ಕಾಯುವುದಿಲ್ಲ.

ಬೆಳಗ್ಗೆಯೇ ಹೊರಡುವುದಾದರೆ ಹೋಟೆಲಿನಲ್ಲಿ ಹಗುರವಾಗಿ ತಿಂದು ಹೊರಡುವ ಕ್ರಮವೂ ಚೆನ್ನ. ಅದರಲ್ಲಿ ಒಂದು ಗುಟ್ಟಿನ ಅನುಕೂಲವಿದೆ: ತಡವಾಗಿ ಬರುವವರು ತಿಂಡಿಯ ಹೊತ್ತಿಗೆ ಬಂದು ಸೇರಿಕೊಳ್ಳುತ್ತಾರೆ, ರಸ್ತೆಯಲ್ಲಿ ನಿಂತು ಯಾರೂ ಕಾಯಬೇಕಿಲ್ಲ. ಸಂಜೆಯ ಕಾರ್ಯಕ್ರಮವಾದರೆ ಕತ್ತಲಾಗುವ ಹೊತ್ತನ್ನು ನೋಡಿಕೊಂಡು ಹಿಂದಕ್ಕೆ ಲೆಕ್ಕ ಹಾಕಬೇಕು. ಬಣ್ಣದ ಗಾಜಿನ ಕಿಟಕಿಗಳಿರುವ ಕಟ್ಟಡದಲ್ಲಿ ಪೂರ್ವದ ಗೋಡೆ ಬೆಳಗ್ಗೆ ಜೀವ ಪಡೆಯುತ್ತದೆ, ಪಶ್ಚಿಮದ್ದು ಇಳಿಹೊತ್ತಿನಲ್ಲಿ. ಬಿಸಿಲು ಸರಿದ ಮೇಲೆ ಅದೇ ಕಿಟಕಿ ಬರೀ ಕಪ್ಪು ಗೆರೆಗಳ ಚೌಕಟ್ಟು. ಯಾವ ಕಿಟಕಿ ಯಾವ ಹೊತ್ತಿಗೆ ಎಂದು ಯೋಚಿಸಿ ದಾರಿ ಹಾಕಿರುವ ಗೈಡ್ ಸಿಕ್ಕರೆ ಅವರನ್ನು ಬಿಡಬೇಡಿ.

ಒಟ್ಟು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಅರ್ಧ ದಿನ. ನಿಂತು ಕೇಳಿ, ಒಳಗೆ ಹೋಗಿ ಬಂದು, ಮತ್ತೆ ನಡೆಯುವ ಗುಂಪು ಎರಡು ಗಂಟೆಯಲ್ಲಿ ಸುಮಾರು 2 ಕಿಲೋಮೀಟರ್‌ಗಿಂತ ಹೆಚ್ಚು ದೂರ ಹೋಗುವುದಿಲ್ಲ, ಹೋಗಲೂಬಾರದು. ಎರಡು ಗಂಟೆಯಲ್ಲಿ ಹತ್ತು ಕಟ್ಟಡ ತೋರಿಸುತ್ತೇವೆ ಎನ್ನುವ ಜಾಹೀರಾತನ್ನು ನಂಬಿ ಹೋದರೆ ನೋಡಲು ಸಿಗುವುದು ಹತ್ತು ಮುಂಬಾಗಿಲು ಮಾತ್ರ. ಮೂರು ಕಟ್ಟಡ, ನಾಲ್ಕಾದರೆ ಹೆಚ್ಚು.

ಊಟಕ್ಕೆ ಒಂದೂವರೆಯಿಂದ ಎರಡು ಗಂಟೆ ಬೇಕು. ದೊಡ್ಡ ಹೋಟೆಲುಗಳಲ್ಲಿ ಊಟ ನಿಧಾನವಾಗುವುದಕ್ಕೂ ಒಂದು ಚರಿತ್ರೆ ಇದೆ. ಯೂರೋಪಿನ ಶ್ರೀಮಂತರ ಔತಣಗಳಲ್ಲಿ ಹಿಂದೆ ಹತ್ತಾರು ತಿನಿಸುಗಳನ್ನು ಒಮ್ಮೆಗೇ ಮೇಜಿನ ತುಂಬ ಜೋಡಿಸುತ್ತಿದ್ದರು. ಒಂದು ಮುಗಿದ ಮೇಲೆ ಇನ್ನೊಂದನ್ನು ತಂದು ಬಡಿಸುವ 'ರಷ್ಯನ್ ಕ್ರಮ' ಅಲ್ಲಿ ಬೇರೂರಿದ್ದು 19ನೇ ಶತಮಾನದಲ್ಲಿ. ಹೀಗೆ ಬಡಿಸಲು ಹೆಚ್ಚು ಜನ ಬೇಕು, ಅವರು ಓಡಾಡಲು ದಾರಿ ಬೇಕು. ಹಳೆಯ ಹೋಟೆಲಿನ ಊಟದ ಹಾಲ್‌ಗೆ ಹೋದಾಗ ಅತಿಥಿಗಳ ಬಾಗಿಲು ಎಲ್ಲಿದೆ, ಬಡಿಸುವವರು ಎಲ್ಲಿಂದ ಬರುತ್ತಾರೆ ಎಂದು ಗಮನಿಸಿ. ಎರಡೂ ಬೇರೆ ಬೇರೆ ಇರುತ್ತವೆ. ಬಡಿಸುವವರ ಬಾಗಿಲು ಸಾಮಾನ್ಯವಾಗಿ ಒಂದು ಕಂಬದ ಮರೆಯಲ್ಲೋ ಮೂಲೆಯಲ್ಲೋ ಅಡಗಿದ್ದು, ಅದರ ಹಿಂದೆ ಅಡುಗೆಮನೆಗೆ ಇಳಿಯುವ ಕಿರಿದಾದ ಮೆಟ್ಟಿಲು ಇರುತ್ತದೆ. ಕಟ್ಟಡ ಕಟ್ಟಿದವರು ಯಾರನ್ನು ಕಾಣಿಸಬೇಕು, ಯಾರನ್ನು ಮರೆಮಾಡಬೇಕು ಎಂದುಕೊಂಡಿದ್ದರು ಎಂಬುದು ಆ ಒಂದು ಬಾಗಿಲಲ್ಲೇ ತಿಳಿಯುತ್ತದೆ.

ಎಂಥ ಹೋಟೆಲ್ ಆರಿಸಬೇಕು?

ಹೋಟೆಲೇ ಒಂದು ಹಳೆಯ ಕಟ್ಟಡವಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗ ಸುತ್ತಾಟದ ಕೊನೆಯ ಕಟ್ಟಡ ಅದೇ ಆಗುತ್ತದೆ, ಅದರ ಕಥೆಯನ್ನು ಕೂತೇ ಕೇಳಬಹುದು.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಮುಂದಿರುವ ಕೆಂಪು ಇಟ್ಟಿಗೆಯ ಹೋಟೆಲ್ ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅದರ ವಾಸ್ತುಶಿಲ್ಪಿ, 1873ರಲ್ಲಿ ಮಿಡ್‌ಲ್ಯಾಂಡ್ ಗ್ರ್ಯಾಂಡ್ ಎಂಬ ಹೆಸರಿನಲ್ಲಿ ತೆರೆಯಿತು. ವೈಭವಕ್ಕೆ ಏನೂ ಕೊರತೆ ಇರಲಿಲ್ಲ, ಆದರೆ ಕೋಣೆಗೊಂದು ಸ್ನಾನಗೃಹ ಇರಲಿಲ್ಲ. ಗಟ್ಟಿಯಾಗಿ ಕಟ್ಟಿದ್ದ ಆ ನೆಲ, ಗೋಡೆಗಳಲ್ಲಿ ಆಮೇಲೆ ಕೊಳವೆ ಹಾಯಿಸುವುದು ಸುಲಭವೂ ಇರಲಿಲ್ಲ. ಕೋಣೆಯೊಳಗೇ ಸ್ನಾನಗೃಹ ಕೊಡುವ ಹೊಸ ಹೋಟೆಲುಗಳ ಮುಂದೆ ನಿಲ್ಲಲಾರದೆ 1935ರಲ್ಲಿ ಮುಚ್ಚಿ, ರೈಲ್ವೆ ಕಚೇರಿಯಾಯಿತು. 1960ರ ದಶಕದಲ್ಲಿ ಕೆಡವುವ ಮಾತೂ ಬಂತು. ಜನ ಹೋರಾಡಿದರು, 1967ರಲ್ಲಿ ಅದಕ್ಕೆ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡದ ಸ್ಥಾನ ಸಿಕ್ಕಿತು. 2011ರಲ್ಲಿ ಮತ್ತೆ ಹೋಟೆಲ್ ಆಗಿ ಬಾಗಿಲು ತೆರೆಯಿತು. ಒಂದು ಕಟ್ಟಡ ಹುಟ್ಟಿ, ಸೋತು, ಉಳಿದು, ಎದ್ದ ಇಡೀ ಕಥೆ ಅಲ್ಲಿನ ದೊಡ್ಡ ಮೆಟ್ಟಿಲ ಸಾಲಿನ ಕೆಳಗೆ ನಿಂತಾಗ ಅರ್ಥವಾಗುತ್ತದೆ.

ಇಸ್ತಾಂಬುಲಿನ ಪೆರಾ ಪ್ಯಾಲೆಸ್ ಇನ್ನೊಂದು ಬಗೆಯದು. ಓರಿಯಂಟ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಬರುವವರು ಇಳಿದುಕೊಳ್ಳಲೆಂದು 1890ರ ದಶಕದಲ್ಲಿ ಕಟ್ಟಿದ್ದು. ಆಧುನಿಕ ಟರ್ಕಿಯ ಸ್ಥಾಪಕ ಅತಾತುರ್ಕ್ ತಂಗುತ್ತಿದ್ದ 101ನೇ ಕೋಣೆಯನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಮುಂಬೈನ ತಾಜ್ ಮಹಲ್ ಪ್ಯಾಲೆಸ್ 1903ರದು, ಎದುರಿಗಿರುವ ಗೇಟ್‌ವೇ ಆಫ್ ಇಂಡಿಯಾಗಿಂತ ಹಳೆಯದು. ಲಂಡನ್ನಿನ ಸವಾಯ್ 1889ರಲ್ಲಿ ತೆರೆದಾಗಲೇ ವಿದ್ಯುತ್ ದೀಪ, ಲಿಫ್ಟ್‌ಗಳಿದ್ದವು. ಮ್ಯಾನೇಜರ್ ಸೀಸರ್ ರಿಟ್ಜ್, ಅಡುಗೆಮನೆಯ ಮುಖ್ಯಸ್ಥ ಆಗಸ್ಟ್ ಎಸ್ಕೋಫಿಯೆ ಸೇರಿ ದೊಡ್ಡ ಹೋಟೆಲಿನ ಊಟದ ರೀತಿಯನ್ನೇ ಅಲ್ಲಿ ಹೊಸದಾಗಿ ಕಟ್ಟಿದರು.

ಇಂಥ ಹೋಟೆಲುಗಳಲ್ಲಿ ಲಿಫ್ಟನ್ನು ತಪ್ಪದೆ ನೋಡಿ. 1857ರಲ್ಲಿ ನ್ಯೂಯಾರ್ಕಿನ ಒಂದು ಮಳಿಗೆಯಲ್ಲಿ ಎಲಿಷಾ ಓಟಿಸ್ ಜನ ಹತ್ತುವ ಸುರಕ್ಷಿತ ಲಿಫ್ಟ್ ಅಳವಡಿಸಿದರು. ಅದಕ್ಕೂ ಮುಂಚೆ ಮೇಲಿನ ಮಹಡಿಯ ಕೋಣೆ ಎಂದರೆ ಅಗ್ಗದ ಕೋಣೆ, ಹತ್ತಿ ಸುಸ್ತಾಗಲು ಹಣ ಇದ್ದವರು ಒಪ್ಪುತ್ತಿರಲಿಲ್ಲ. ಲಿಫ್ಟ್ ಬಂದ ಮೇಲೆ ಲೆಕ್ಕ ತಲೆಕೆಳಗಾಗಿ ಗಾಳಿ, ಬೆಳಕು, ನೋಟ ಇರುವ ಮೇಲಿನ ಕೋಣೆಗಳೇ ದುಬಾರಿಯಾದವು. ಒಂದೇ ಬೀದಿಯಲ್ಲಿ ಲಿಫ್ಟಿಗೆ ಮುಂಚಿನ ಕಟ್ಟಡ, ಆಮೇಲಿನ ಕಟ್ಟಡ ಎರಡೂ ಇದ್ದರೆ ಕಿಟಕಿಗಳ ಎತ್ತರ ಹೋಲಿಸಿ ನೋಡಿ. ಮೊದಲಿನದರಲ್ಲಿ ಮೇಲೆ ಹೋದಂತೆ ಕಿಟಕಿ ಚಿಕ್ಕದಾಗುವುದು ಕಾಣಬಹುದು.

ಊರಿನಲ್ಲಿ ಇಂಥ ಹೋಟೆಲ್ ಇಲ್ಲವೆಂದರೆ ಕೊನೆಯ ಕಟ್ಟಡಕ್ಕೆ ಹತ್ತು ನಿಮಿಷದ ನಡಿಗೆಯೊಳಗಿರುವ, ಗದ್ದಲವಿಲ್ಲದ ಜಾಗ ಸಾಕು. ಜೋರು ಸಂಗೀತ ಇರುವ ಕಡೆ ಮಾತ್ರ ಹೋಗಬೇಡಿ, ಮಾತು ಕೇಳಿಸದಿದ್ದರೆ ಗೈಡನ್ನು ಮೇಜಿಗೆ ಕರೆದು ಏನು ಪ್ರಯೋಜನ?

ಹೋಟೆಲಿನಲ್ಲಿ ತಂಗದವರಿಗೂ ಅವಕಾಶ ಇದೆಯೇ?

ಊಟದ ಹಾಲ್‌ಗೆ ಬಹುತೇಕ ಕಡೆ ಇದೆ, ಮುಂಗಡ ಬುಕಿಂಗ್ ಬೇಕು. ಕೋಣೆಗಳಿರುವ ಮಹಡಿಗೆ, ಹಳೆಯ ನೃತ್ಯಶಾಲೆಗೆ ಹೋಟೆಲಿನವರ ಜೊತೆಯಲ್ಲೇ ಹೋಗಬೇಕು. ನೃತ್ಯಶಾಲೆ ಮದುವೆ, ಸಮ್ಮೇಳನಗಳಿಗೆ ಬಾಡಿಗೆ ಹೋಗಿರುವುದೂ ಉಂಟು, ಆ ದಿನ ಖಾಲಿ ಇದೆಯೇ ಎಂದು ಮೊದಲೇ ವಿಚಾರಿಸಿ.

ಗೈಡ್ ಒಳ್ಳೆಯವರೋ ಅಲ್ಲವೋ ಎಂದು ಮೊದಲೇ ಹೇಗೆ ತಿಳಿಯುವುದು?

ಹಲವು ದೇಶಗಳಲ್ಲಿ ಗೈಡುಗಳಿಗೆ ಪರವಾನಗಿ ಇದೆ, ಬ್ಯಾಡ್ಜ್ ಇದೆ. ಬ್ರಿಟನ್ನಿನ 'ಬ್ಲೂ ಬ್ಯಾಡ್ಜ್' ಪಡೆಯಲು ದೀರ್ಘ ತರಬೇತಿಯನ್ನೂ ಪರೀಕ್ಷೆಗಳನ್ನೂ ದಾಟಬೇಕು. ಗೈಡುಗಳ ಸಂಘಗಳ ವಿಶ್ವ ಒಕ್ಕೂಟವೂ ಇದೆ, ಪ್ರತಿ ವರ್ಷ ಫೆಬ್ರವರಿ 21ರಂದು ವಿಶ್ವ ಪ್ರವಾಸಿ ಗೈಡ್ ದಿನ ಆಚರಿಸುತ್ತಾರೆ. ಆ ಹೊತ್ತಿಗೆ ಕೆಲವು ನಗರಗಳಲ್ಲಿ ಗೈಡುಗಳು ಉಚಿತವಾಗಿ ಸುತ್ತಾಡಿಸುತ್ತಾರೆ, ಒಬ್ಬರ ಕೆಲಸ ನೋಡಿ ಅಳೆಯಲು ಅದು ಸುಸಮಯ.

ಬ್ಯಾಡ್ಜ್ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಬುಕ್ ಮಾಡುವ ಮುಂಚೆ ಒಂದು ಕಟ್ಟಡದ ಬಗ್ಗೆ ಒಂದು ಪ್ರಶ್ನೆ ಕಳಿಸಿ ನೋಡಿ. ರಾಜರ ಹೆಸರು, ಇಸವಿಗಳ ಪಟ್ಟಿ ಬಂದರೆ ಅದು ಪುಸ್ತಕದಿಂದ ಬಂದದ್ದು. 'ಈ ಗೋಡೆಯ ಕೆಳಭಾಗ ಮಾತ್ರ ಕಲ್ಲು, ಮೇಲಿನದು ಕಲ್ಲಿನಂತೆ ಗೀರಿದ ಗಾರೆ, ಬಂದಾಗ ಬೆರಳಿಂದ ತಟ್ಟಿ ತೋರಿಸುತ್ತೇನೆ' ಎಂಬಂಥ ಉತ್ತರ ಬಂದರೆ ಆ ಮನುಷ್ಯ ಕಟ್ಟಡವನ್ನು ಕಣ್ಣಾರೆ ನೋಡಿದ್ದಾರೆ. ದಂತಕಥೆಯನ್ನು ದಂತಕಥೆ ಎಂದು ಹೇಳಿಯೇ ಹೇಳುವವರನ್ನು ನಂಬಿ. ಪ್ರತಿ ಹಳೆಯ ಕಟ್ಟಡದ ಕೆಳಗೂ ಸುರಂಗ, ಪ್ರತಿ ಹಳೆಯ ಹೋಟೆಲಿನಲ್ಲೂ ದೆವ್ವ ಇದೆ ಎನ್ನುವವರಿಂದ ಕಟ್ಟಡಕ್ಕೇ ಅನ್ಯಾಯ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅದೇ ಸಾಕಷ್ಟು ಸೊಗಸಾಗಿರುತ್ತದೆ.

ಗುಂಪಿನಲ್ಲಿ ಎಷ್ಟು ಜನ ಇದ್ದರೆ ಚೆಂದ?

ಹನ್ನೆರಡರೊಳಗೆ. ಒಂದೇ ದೊಡ್ಡ ಮೇಜಿಗೆ ಹಿಡಿಸುವಷ್ಟು ಜನ ಎಂದಿಟ್ಟುಕೊಂಡರೆ ಲೆಕ್ಕ ತಾನೇ ಸರಿಹೋಗುತ್ತದೆ. ವೆನಿಸ್ ನಗರ 2024ರಿಂದ ಗೈಡ್ ಜೊತೆಗಿನ ಗುಂಪಿಗೆ 25 ಜನರ ಮಿತಿ ಹಾಕಿ ಧ್ವನಿವರ್ಧಕಗಳನ್ನೂ ನಿಷೇಧಿಸಿದೆ. ಇಕ್ಕಟ್ಟಾದ ಹಳೆಯ ಬೀದಿಗಳಲ್ಲಿ ಮನೆ ಮಾಡಿಕೊಂಡಿರುವವರ ಪಾಡನ್ನು ನೆನೆದರೆ ಅದು ನ್ಯಾಯವಾದ ನಿಯಮ. ದೊಡ್ಡ ಗುಂಪಾದರೆ ಕಿವಿಗೆ ಹಾಕುವ ರಿಸೀವರ್ ಕೊಡುತ್ತಾರೆಯೇ ಎಂದು ಕೇಳಿ.

ಯಾವ ದಿನ ಹೋಗುವುದು ಒಳ್ಳೆಯದು?

ಕಟ್ಟಡಗಳ ವಾರದ ರಜೆ ನೋಡಿಕೊಳ್ಳಿ. ಬಹಳ ಮ್ಯೂಸಿಯಂಗಳಿಗೆ ಸೋಮವಾರ ರಜೆ, ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ. ಪೂಜೆ, ಪ್ರಾರ್ಥನೆ ನಡೆಯುವ ಕಟ್ಟಡಗಳಲ್ಲಿ ಆ ಹೊತ್ತಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಶಾಸನಸಭೆ, ನ್ಯಾಯಾಲಯಗಳು ಇನ್ನೂ ಕೆಲಸ ಮಾಡುತ್ತಿರುವ ಕಟ್ಟಡಗಳು, ಅಲ್ಲಿಗೆ ಗುರುತಿನ ಚೀಟಿ ಬೇಕು, ತಪಾಸಣೆಗೆ ಸಮಯ ಬೇಕು.

ವರ್ಷಕ್ಕೊಮ್ಮೆ ಬರುವ ತೆರೆದ ಬಾಗಿಲಿನ ದಿನಗಳೂ ಇವೆ. 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾದದ್ದು ಮುಂದೆ ಯೂರೋಪಿಯನ್ ಪರಂಪರೆಯ ದಿನಗಳಾಗಿ ಹರಡಿತು. ಲಂಡನ್ನಿನಲ್ಲಿ 1992ರಲ್ಲಿ ಆರಂಭವಾದ 'ಓಪನ್ ಹೌಸ್' ಮಾದರಿ ಈಗ ಅನೇಕ ಖಂಡಗಳ ನಗರಗಳಲ್ಲಿದೆ. ಬೇರೆ ದಿನ ಬೀಗ ಹಾಕಿರುವ ಕಟ್ಟಡಗಳನ್ನು ಆಗ ನೋಡಬಹುದು, ಬಹುಪಾಲು ಉಚಿತ. ಆದರೆ ಸರತಿ ಸಾಲು ಉದ್ದ, ಎಷ್ಟು ಹೊತ್ತು ಎಂದು ಹೇಳಲಾಗದು. ಅಂಥ ದಿನ ಗಡಿಯಾರ ಹಿಡಿದು ಊಟ ಬುಕ್ ಮಾಡಬೇಡಿ.

'ಕಟ್ಟಡ ತೋರಿಸುತ್ತೇವೆ' ಎಂದರೆ ಒಳಗೂ ಹೋಗುತ್ತೇವೆ ಎಂದೇ?

ಹಾಗೇನಿಲ್ಲ. ವಿವರಣೆಯಲ್ಲಿ 'ಹೊರನೋಟ', 'ಹಾದು ಹೋಗುವುದು', 'ಪ್ರವೇಶ' ಎಂಬ ಮೂರರಲ್ಲಿ ಯಾವುದು ಯಾವ ಕಟ್ಟಡಕ್ಕೆ ಎಂದು ಬರೆದುಕೊಡಲು ಹೇಳಿ. ಕನಿಷ್ಠ ಎರಡು ಕಟ್ಟಡಗಳ ಒಳಗೆ ಹೋಗದ ಕಾರ್ಯಕ್ರಮಕ್ಕೆ ನಾನು ಯಾರನ್ನೂ ಕಳಿಸುವುದಿಲ್ಲ. ಮುಂಭಾಗ ಊರಿಗೆಲ್ಲ ಸೇರಿದ್ದು, ಅದನ್ನು ನೋಡಲು ದುಡ್ಡು ಕೊಡಬೇಕಿಲ್ಲ.

ದರದಲ್ಲಿ ಏನೇನು ಸೇರಿರುತ್ತದೆ?

ಗೈಡಿನ ಶುಲ್ಕ, ನಿಗದಿತ ಮೆನುವಿನ ಊಟ ಸಾಮಾನ್ಯವಾಗಿ ಸೇರಿರುತ್ತವೆ. ಜಗಳ ಹುಟ್ಟುವುದು ಉಳಿದದ್ದರಲ್ಲಿ: ಪ್ರವೇಶ ಟಿಕೆಟ್, ಪಾನೀಯ, ತೆರಿಗೆ, ಸೇವಾ ಶುಲ್ಕ, ಕ್ಯಾಮೆರಾ ಶುಲ್ಕ. ಗೈಡಿನ ಊಟದ ಹಣ ಯಾರದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಬಿಲ್ ಬಂದಾಗ ಅವರು ಮುಜುಗರದಿಂದ ಎದ್ದು ಹೋಗುವಂತಾಗಬಾರದು.

ಬಫೆಯೋ, ನಿಗದಿತ ಮೆನುವೋ ಎಂದು ಆರಿಸಲು ಬಿಟ್ಟರೆ ನಿಗದಿತ ಮೆನುವನ್ನೇ ಆರಿಸಿ. ಬಫೆಯಲ್ಲಿ ಯಾರಾದರೊಬ್ಬರು ಎದ್ದು ಹೋಗುತ್ತಲೇ ಇರುತ್ತಾರೆ, ಮಾತು ನಡುನಡುವೆ ತುಂಡಾಗುತ್ತದೆ.

ರದ್ದಾದರೆ ಹಣ ವಾಪಸ್ ಬರುತ್ತದೆಯೇ?

ನಿಮಗೂ ಅವರಿಗೂ ಆದ ಒಪ್ಪಂದದಲ್ಲಿ ಬರೆದಂತೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಯೂರೋಪಿಯನ್ ಒಕ್ಕೂಟದಲ್ಲಿ ಪ್ಯಾಕೇಜ್ ಪ್ರವಾಸದ ಗ್ರಾಹಕರನ್ನು ರಕ್ಷಿಸುವ 2015ರ ನಿರ್ದೇಶನವಿದೆ. ಆದರೆ 24 ಗಂಟೆಗಿಂತ ಕಡಿಮೆ ಅವಧಿಯ, ರಾತ್ರಿ ತಂಗುವುದು ಸೇರಿರದ ಕಾರ್ಯಕ್ರಮ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ಅರ್ಧ ದಿನದ ಸುತ್ತಾಟ ಮತ್ತು ಊಟಕ್ಕೆ ಆ ರಕ್ಷಣೆ ಸಿಗದು, ಅದೇ ಹೋಟೆಲಿನಲ್ಲಿ ಒಂದು ರಾತ್ರಿಯೂ ಸೇರಿದರೆ ಸಂಗತಿ ಬೇರೆ. ಬೇರೆ ದೇಶಗಳಲ್ಲಿ ನಿಯಮ ಬೇರೆ ಇರುತ್ತದೆ. ಎಲ್ಲಿದ್ದರೂ ಎರಡು ಮಾತು ಬರಹದಲ್ಲಿ ಇರಲಿ: ಕಟ್ಟಡ ದಿಢೀರನೆ ಮುಚ್ಚಿದರೆ ಏನು ಮಾಡುತ್ತೀರಿ, ಮಳೆ ಬಂದರೆ ಏನು ಮಾಡುತ್ತೀರಿ.

ಪಥ್ಯ, ಅಲರ್ಜಿ ಇರುವವರು ಏನು ಮಾಡಬೇಕು?

ಬುಕ್ ಮಾಡುವಾಗಲೇ ಬರೆದು ತಿಳಿಸಿ, ಹಿಂದಿನ ದಿನ ಹೋಟೆಲಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಗೈಡಿಗೆ ಹೇಳಿದ್ದು ಅಡುಗೆಮನೆ ಮುಟ್ಟಿದೆ ಎಂದುಕೊಳ್ಳಬೇಡಿ. ಯೂರೋಪಿಯನ್ ಒಕ್ಕೂಟದ ಕಾನೂನು 14 ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡಬೇಕೆಂದು ಆಹಾರ ಮಾರುವವರಿಗೆ ಹೇಳುತ್ತದೆ, ನೆಲಗಡಲೆ, ಹಾಲು, ಮೊಟ್ಟೆ, ಎಳ್ಳು ಎಲ್ಲ ಅದರಲ್ಲಿವೆ. ಸಕ್ಕರೆ ಕಾಯಿಲೆಯವರು ಊಟದ ಹೊತ್ತನ್ನು ಮೊದಲೇ ಕೇಳಿ ತಿಳಿದು, ಸುತ್ತಾಟ ಎಳೆದರೂ ಆಗುವಂತೆ ಕೈಯಲ್ಲಿ ಏನಾದರೂ ಇಟ್ಟುಕೊಳ್ಳಿ. ಆದರೆ ಕಟ್ಟಡದ ಒಳಗೆ ತಿನ್ನಬೇಡಿ, ಬಿದ್ದ ಚೂರು ಹುಳ, ಇಲಿಗಳನ್ನು ಕರೆಯುತ್ತದೆ. ಅವು ಹಳೆಯ ಮರ, ಬಟ್ಟೆಗಳನ್ನು ಬಿಡುವುದಿಲ್ಲ.

ಬಟ್ಟೆ, ಚಪ್ಪಲಿ ಹೇಗಿರಬೇಕು?

ಹೋಟೆಲಿನ ಊಟದ ಹಾಲ್‌ಗೆ ವಸ್ತ್ರನಿಯಮ ಇರಬಹುದು, ಪ್ರಾರ್ಥನಾ ಮಂದಿರಗಳಿಗೂ ಇರಬಹುದು. ಎರಡಕ್ಕೂ ಹೊಂದುವ, ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಧರಿಸಿದರೆ ಚಿಂತೆಯಿಲ್ಲ. ಚೂಪು ಹಿಮ್ಮಡಿಯ ಚಪ್ಪಲಿ ಬೇಡ. ಮೈಭಾರವೆಲ್ಲ ಬೆರಳುಗುರಿನಷ್ಟು ಜಾಗದ ಮೇಲೆ ಬಿದ್ದು ಹಳೆಯ ಮರದ ನೆಲದಲ್ಲಿ ಕುಳಿ ಬೀಳುತ್ತದೆ, ಆ ಕುಳಿಯನ್ನು ಮತ್ತೆ ತುಂಬಲಾಗದು. ಊಟಕ್ಕೆ ಬೇರೆ ಜೋಡಿ ಬೇಕೆನ್ನುವವರು ಅದನ್ನು ಮೊದಲೇ ಹೋಟೆಲಿನಲ್ಲಿ ಕೊಟ್ಟು ಹೊರಡಬಹುದು.

ಮೊಣಕಾಲು ನೋವು ಇರುವವರು, ವೀಲ್‌ಚೇರ್ ಬಳಸುವವರು ಬರಬಹುದೇ?

ಖಂಡಿತ ಬರಬಹುದು, ಬರುವಂತಿರಬೇಕು. ಆದರೆ 'ಅನುಕೂಲ ಇದೆ' ಎಂಬ ಒಂದು ಮಾತಿಗೆ ತೃಪ್ತರಾಗದೆ ಬಿಡಿಸಿ ಕೇಳಿ. ಒಟ್ಟು ಮೆಟ್ಟಿಲೆಷ್ಟು? ಕೈಹಿಡಿ ಇದೆಯೇ? ರ‍್ಯಾಂಪ್ ಎಷ್ಟು ಕಡಿದು? ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಎಂಬುದು ಅಮೆರಿಕದ ಮಾನದಂಡದಲ್ಲಿರುವ ಮಿತಿ, ಅದಕ್ಕಿಂತ ಕಡಿದಾದರೆ ಸ್ವಂತ ತೋಳಬಲದಲ್ಲಿ ಹತ್ತುವುದು ಕಷ್ಟ. ಹಳೆಯ ಲಿಫ್ಟಿನ ಬಾಗಿಲು ಕಿರಿದು, ಕುರ್ಚಿಯ ಅಗಲ ಅಳೆದು ತಿಳಿಸಿ. ಶೌಚಾಲಯ ಎಲ್ಲಿದೆ ಎಂಬುದನ್ನು ಎಲ್ಲರೂ ಕೇಳಬೇಕು, ಹಳೆಯ ಕಟ್ಟಡಗಳಲ್ಲಿ ಹಲವಕ್ಕೆ ಅದು ಇರುವುದೇ ಇಲ್ಲ. ಸುತ್ತಾಟವನ್ನು ಹೋಟೆಲಿನಿಂದಲೇ ಆರಂಭಿಸಿದರೆ ಈ ತೊಂದರೆ ಅರ್ಧ ನೀಗುತ್ತದೆ. ನಡುವೆ ಹತ್ತು ನಿಮಿಷ ಕೂರುವ ಜಾಗ ಇದೆಯೇ ಎಂದೂ ನೋಡಿ. ನಡೆಯುವುದಕ್ಕಿಂತ ನಿಂತೇ ಇರುವುದು ಮೊಣಕಾಲಿಗೆ ಹೆಚ್ಚು ಕಷ್ಟ.

ಮಕ್ಕಳನ್ನು ಕರೆತರಬಹುದೇ?

ಎಂಟು ವರ್ಷ ದಾಟಿದವರಾದರೆ ಸಂತೋಷವಾಗಿ. ಅವರಿಗೆ ಹುಡುಕುವ ಕೆಲಸ ಕೊಡಿ: ಕಲ್ಲಿನಲ್ಲಿ ಕೆತ್ತಿದ ಪ್ರಾಣಿ ಎಷ್ಟು, ಗಡಿಯಾರದ ನಾಲ್ಕು ಎಂಬ ರೋಮನ್ ಅಂಕಿಯನ್ನು ಹೇಗೆ ಬರೆದಿದ್ದಾರೆ (ಹಲವು ಹಳೆಯ ಗಡಿಯಾರಗಳಲ್ಲಿ ನಾಲ್ಕು ಗೆರೆಗಳಿರುತ್ತವೆ). ಎರಡು ಗಂಟೆಯ ಊಟಕ್ಕೆ ಕೂರಲಾರದ ಪುಟ್ಟ ಮಕ್ಕಳಿದ್ದರೆ ಸಣ್ಣ ಸುತ್ತಾಟ, ಸಂಜೆಯ ಲಘು ಉಪಾಹಾರ ಇರುವ ಕಾರ್ಯಕ್ರಮ ಆರಿಸಿ.

ಫೋಟೋ ತೆಗೆಯಬಹುದೇ?

ಹೊರಗೆ ಧಾರಾಳವಾಗಿ. ಒಳಗೆ ಕೇಳಿ ತೆಗೆಯಿರಿ, ಫ್ಲ್ಯಾಶ್, ಟ್ರೈಪಾಡ್ ಬೇಡ. ಹೋಟೆಲಿನಲ್ಲಿ ಬೇರೆ ಅತಿಥಿಗಳ ಮುಖ ಬಾರದಂತೆ ನೋಡಿಕೊಳ್ಳಿ.

ಯಾರ ಪ್ಯಾಕೇಜೂ ಬೇಡ, ನಾವೇ ಕಟ್ಟಿಕೊಳ್ಳಬಹುದೇ?

ಕಟ್ಟಿಕೊಳ್ಳಬಹುದು, ನಾಲ್ಕಾರು ಸ್ನೇಹಿತರು ಸೇರಿದರೆ ಅದೇ ಚೆಂದ. ಮೊದಲು ಗೈಡನ್ನು ಹುಡುಕಿ, ಹೋಟೆಲನ್ನಲ್ಲ. ಅವರ ಬಿಡುವಿನ ದಿನ, ಕಟ್ಟಡಗಳು ತೆರೆದಿರುವ ಹೊತ್ತು ಎರಡೂ ಕೂಡಿಬಂದ ಮೇಲೆ ಮೇಜು ಬುಕ್ ಮಾಡಿ. ಸುತ್ತಾಟ ಮುಗಿಯುವ ಸಮಯಕ್ಕೂ ಊಟದ ಸಮಯಕ್ಕೂ ನಡುವೆ ಅರ್ಧ ಗಂಟೆ ಬಿಡಿ, ಕೈಕಾಲು ತೊಳೆಯಲು, ಹೋಟೆಲಿನ ಮೊಗಸಾಲೆಯನ್ನು ಒಮ್ಮೆ ನೋಡಲು ಅದು ಬೇಕು. ಹೋಟೆಲಿಗೆ ಎರಡು ವಿಷಯ ತಿಳಿಸಿ: ಗೈಡ್ ಸೇರಿ ಎಷ್ಟು ಜನ, ಊಟದ ನಡುವೆ ಮಾತುಕತೆ ಇರುತ್ತದೆ ಎಂದು. ಹಾಗೆ ಹೇಳಿದರೆ ಗೋಡೆ ಬದಿಯ ಶಾಂತವಾದ ಮೇಜು ಕೊಡುತ್ತಾರೆ. ಆ ಹೋಟೆಲಿನಲ್ಲಿ ಬಹಳ ವರ್ಷಗಳಿಂದ ಇರುವ ಸಿಬ್ಬಂದಿ ಯಾರಾದರೂ ಇದ್ದರೆ ಐದು ನಿಮಿಷ ಬಂದು ಮಾತಾಡಲು ಸಾಧ್ಯವೇ ಎಂದೂ ವಿನಯದಿಂದ ಕೇಳಿ. ಬಹಳಷ್ಟು ಮಂದಿ ಒಪ್ಪುತ್ತಾರೆ, ಅವರ ಬಳಿ ಇರುವ ಕಥೆ ಯಾವ ಗೈಡಿನ ಬಳಿಯೂ ಇರುವುದಿಲ್ಲ.